ಬಾರಿಗೆ ಬಂದು ಎಣ್ಣೆ ಮುಟ್ಟದವರಿಗೆ ಏನು ಕೊಡೋಣ? ಲೈಮ್ ಸೋಡಾ ಬಿಟ್ಟು ಹೇಳಿ

ಕಡೂರು ರಸ್ತೆಯವನು, ಚಿಕ್ಕಮಗಳೂರು

ಎಲ್ಲರಿಗೂ ನಮಸ್ಕಾರ. ಚಿಕ್ಕಮಗಳೂರಿನ ಕಡೂರು ರಸ್ತೆ ಕಡೆ ನಮ್ಮದೊಂದು ಬಾರ್ ಅಂಡ್ ರೆಸ್ಟೋರೆಂಟ್ ಇದೆ. ಸಿಎಲ್-9 ಲೈಸೆನ್ಸ್. ಅಪ್ಪ ಶುರು ಮಾಡಿದ್ದು, 11 ವರ್ಷದಿಂದ ನಾನು ನೋಡಿಕೊಳ್ಳುತ್ತಿದ್ದೇನೆ. 14 ಟೇಬಲ್, ಅದರಲ್ಲಿ 5 ಫ್ಯಾಮಿಲಿ ರೂಮಿನಲ್ಲಿ. ಊಟಕ್ಕೆ ಒಳ್ಳೆಯ ಹೆಸರಿದೆ. ಆದರೆ ಎಣ್ಣೆ ಕುಡಿಯದವರಿಗೆ ಏನು ಕೊಡಬೇಕು ಅಂತ ಇಷ್ಟು ವರ್ಷ ನಾವು ತಲೆಯನ್ನೇ ಓಡಿಸಿಲ್ಲ.

ಈಗ ಯಾಕೆ ಕೇಳುತ್ತಿದ್ದೇನೆ ಅಂದರೆ, ನನ್ನ ತಮ್ಮನಿಂದ. 2 ವರ್ಷದ ಹಿಂದೆ ಅವನಿಗೆ ಕಾಮಾಲೆ ಆಗಿ ಲಿವರ್ ಕೆಟ್ಟಿತ್ತು. ಇನ್ನು ಒಂದು ತೊಟ್ಟೂ ಬೇಡ ಅಂದರು ಡಾಕ್ಟರು. ಬಿಟ್ಟವನು ಬಿಟ್ಟೇ ಬಿಟ್ಟ. ಹೋದ ತಿಂಗಳು ಚಿಕ್ಕಪ್ಪನ ಮಗನಿಗೆ ಮದುವೆ ಗೊತ್ತಾಯಿತು ಅಂತ ನಮ್ಮ ಫ್ಯಾಮಿಲಿ ರೂಮಿನಲ್ಲೇ 12 ಜನ ಸೇರಿದ್ದೆವು. ಎಲ್ಲರ ಮುಂದೆ ದಪ್ಪ ತಳದ ಗ್ಲಾಸು, ಐಸು, ಸೋಡಾ. ತಮ್ಮನ ಮುಂದೆ ಉದ್ದ ಗ್ಲಾಸಿನಲ್ಲಿ ಸ್ಪ್ರೈಟು, ಅದಕ್ಕೊಂದು ಕೆಂಪು ಸ್ಟ್ರಾ. ನಮ್ಮ ಹುಡುಗ ಮಕ್ಕಳಿಗೆ ಕೊಡುವ ಅಭ್ಯಾಸದಲ್ಲೇ ತಂದಿಟ್ಟಿದ್ದ. ತಮ್ಮ ಸ್ಟ್ರಾ ತೆಗೆದು ಟಿಶ್ಯೂ ಮೇಲಿಟ್ಟ. ಒಂದು ಗುಟುಕು ಕುಡಿದ. ಆಮೇಲೆ ಆ ಗ್ಲಾಸು ಮುಟ್ಟಲಿಲ್ಲ. ಗ್ಯಾಸೆಲ್ಲ ಹೋಗಿ, ಐಸು ಕರಗಿ, ಗ್ಲಾಸಿನ ಸುತ್ತ ಮೇಜಿನ ಮೇಲೆ ನೀರಿನ ಬಳೆ ಬಿದ್ದಿತ್ತು. ಮಾವ ಒಬ್ಬರು "ಒಂದು ಬಿಯರ್ ತಗೊಳೋ, ಬಿಯರ್ ಏನು ಎಣ್ಣೆನಾ?" ಅಂದರು. ಎಂಟೂವರೆಗೆ ತಲೆನೋವು ಅಂತ ಹೇಳಿ ಎದ್ದು ಹೋದ. ತಲೆನೋವು ಇರಲಿಲ್ಲ, ನನಗೆ ಗೊತ್ತು. ನನ್ನದೇ ಹೋಟೆಲಿನಲ್ಲಿ ನನ್ನ ತಮ್ಮನಿಗೆ ಕೊಡಲು ಒಂದು ಒಳ್ಳೆಯ ಲೋಟ ಇರಲಿಲ್ಲವಲ್ಲ ಅಂತ ಆವತ್ತು ರಾತ್ರಿ ನಿದ್ದೆ ಹತ್ತಲಿಲ್ಲ.

ಅಲ್ಲಿಂದೀಚೆಗೆ ಟೇಬಲ್‌ಗಳನ್ನು ಗಮನಿಸುತ್ತಿದ್ದೇನೆ. ಮುಳ್ಳಯ್ಯನಗಿರಿ ನೋಡಿ ಕೈಮರ ಇಳಿದು ಬರುವ ಪ್ರತಿ ಗುಂಪಿನಲ್ಲೂ ಗಾಡಿ ಓಡಿಸುವವನು ಒಬ್ಬ ಇದ್ದೇ ಇರುತ್ತಾನೆ. 100 ಮಿಲಿ ರಕ್ತದಲ್ಲಿ 30 ಮಿಲಿಗ್ರಾಂ ದಾಟಿದರೆ ಕೇಸು. ಮೊದಲ ಸಲಕ್ಕೇ 10,000 ರೂಪಾಯಿ ದಂಡ, ಇಲ್ಲವೇ 6 ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ದಂಡದ ಮಾತು ಆಮೇಲೆ, ಮಂಜು ಕವಿದ ಚಾರ್ಮಾಡಿ ಘಾಟಿ ಇಳಿಯಬೇಕಾದವನು ಕುಡಿಯಲೇಬಾರದು. ಆ ಮನುಷ್ಯ ಎರಡು ಲೈಮ್ ಸೋಡಾ ಕುಡಿದು ಉಳಿದ ಒಂದೂವರೆ ಗಂಟೆ ನೀರಿನ ಬಾಟಲಿ ತಿರುಗಿಸುತ್ತಾ ಕೂತಿರುತ್ತಾನೆ. ಶ್ರಾವಣದಲ್ಲಿ ಬಿಡುವವರು, ಶನಿವಾರ ಮುಟ್ಟದವರು, ಮಾತ್ರೆ ತೆಗೆದುಕೊಳ್ಳುತ್ತಿರುವವರು, ಬಸುರಿ ಹೆಣ್ಣುಮಕ್ಕಳು, ಸುಮ್ನೆ ಇಷ್ಟ ಇಲ್ಲದವರು, ಎಷ್ಟು ಜನ ಅಲ್ವಾ?

ನಾನೂ ಸ್ವಲ್ಪ ಪ್ರಯತ್ನ ಮಾಡಿದೆ. ಮುರುಗಲು (ಕೋಕಂ) ಸಿರಪ್ ತಂದು ತಣ್ಣೀರು ಬೆರೆಸಿ ಕೊಟ್ಟೆ. ಚೆನ್ನಾಗಿದೆ ಅಂದರು, ಎರಡು ನಿಮಿಷದಲ್ಲಿ ಗಟಗಟ ಮುಗಿಸಿದರು, ಇನ್ನೊಂದು ಯಾರೂ ಕೇಳಲಿಲ್ಲ. ನೀಲಿ ಸಿರಪ್ ಹಾಕಿದ ಮಾಕ್‌ಟೇಲ್ ಮಕ್ಕಳಿಗೆ ಮಾತ್ರ ಹೋಯಿತು. ನನಗೆ ಬೇಕಿರುವುದು ಒಂದು ಗಂಟೆ ಕೈಯಲ್ಲಿ ಹಿಡಿದು ನಿಧಾನವಾಗಿ ಗುಟುಕರಿಸುವಂಥದ್ದು. ಖಾರದ ಹಂದಿ ಫ್ರೈ ಜೊತೆಗೂ, ಮಸಾಲೆ ಕಡಲೆಬೀಜದ ಜೊತೆಗೂ ಹೊಂದಬೇಕು. ನಮ್ಮ ಕಡೆ ಸಿಗುವ ಸಾಮಾನಿನಲ್ಲೇ ಆಗಬೇಕು. ಎಷ್ಟು ಬೆಲೆ ಇಡಬಹುದು ಅನ್ನುವುದೂ ಗೊತ್ತಿಲ್ಲ. ಅನುಭವ ಇದ್ದವರು ಹೇಳಿ.

ಕೌಂಟರ್ ಹುಡುಗ, ಮೂಡಿಗೆರೆ

ಅಣ್ಣಾ, 8 ವರ್ಷ ಬೆಂಗಳೂರಿನಲ್ಲಿ ಬಾರ್ ಕೌಂಟರ್ ಹಿಂದೆ ನಿಂತಿದ್ದೆ. ಈಗ ಊರಿಗೆ ಬಂದು ಇಲ್ಲೇ ಒಂದು ರೆಸಾರ್ಟಿನಲ್ಲಿ ಇದ್ದೇನೆ. ನಿಮ್ಮ ಮುರುಗಲು ಎರಡು ನಿಮಿಷದಲ್ಲಿ ಯಾಕೆ ಮುಗಿಯಿತು ಅಂತ ಹೇಳುತ್ತೇನೆ. ಅದು ಸಿಹಿ ಮತ್ತು ಹುಳಿ, ಅಷ್ಟೇ. ಸಿಹಿ ಹುಳಿ ಎರಡೇ ಇದ್ದರೆ ಬಾಯಿ ಅದನ್ನು ಜ್ಯೂಸ್ ಅಂತ ತಿಳಿದು ನುಂಗಿಬಿಡುತ್ತದೆ. ವಿಸ್ಕಿಯನ್ನು ಜನ ನಿಧಾನವಾಗಿ ಕುಡಿಯುವುದು ಅದು ಗಂಟಲು ಸುಡುತ್ತದೆ ಅಂತ. ಆ ತಡೆ ನಾವು ಬೇರೆ ಕಡೆಯಿಂದ ತರಬೇಕು. ನಮ್ಮ ಹತ್ತಿರ ನಾಲ್ಕು ದಾರಿ ಇವೆ. ಒಗರು, ಕಹಿ, ಖಾರ, ಉಪ್ಪು.

ಒಗರಿಗೆ ಕಡಕ್ ಟೀ ಡಿಕಾಕ್ಷನ್ ಆರಿಸಿ ಇಟ್ಟುಕೊಳ್ಳಿ, ಹಾಲು ಸಕ್ಕರೆ ಇಲ್ಲದ್ದು. ನೆಲ್ಲಿಕಾಯಿ ರಸವೂ ಆಗುತ್ತದೆ. ಖಾರಕ್ಕೆ ಶುಂಠಿ, ಇಲ್ಲವೇ ನಮ್ಮ ಕಾಳುಮೆಣಸು ಜಜ್ಜಿ ಬೆಲ್ಲದ ಪಾಕದಲ್ಲಿ ಕುದಿಸಿ ಸೋಸಿದ್ದು. ಮೆಣಸನ್ನು ಪುಡಿ ಮಾಡಬೇಡಿ, ಒಡೆದರೆ ಸಾಕು, ಇಲ್ಲದಿದ್ದರೆ ತಳದಲ್ಲಿ ಮಣ್ಣಿನ ಹಾಗೆ ಕೂರುತ್ತದೆ. ಉಪ್ಪು ಚಿಟಿಕೆ ಮಾತ್ರ. ಅದು ನಾಲಿಗೆಗೆ ಗೊತ್ತಾಗಬಾರದು, ಆದರೆ ಇಲ್ಲದಿದ್ದರೆ ಏನೋ ಕಡಿಮೆ ಅನಿಸಬೇಕು.

ಅಳತೆ ಮುಖ್ಯ. ದಪ್ಪ ರಸ 60 ಮಿಲಿ, ಪೆಗ್ ಮೆಷರಿನಲ್ಲೇ ಅಳೆಯಿರಿ. ಉಳಿದದ್ದು ಐಸು ಮತ್ತು ಸೋಡಾ. ಸೋಡಾ ಫ್ರಿಜ್ಜಿನ ತಳದಲ್ಲಿ ಚೆನ್ನಾಗಿ ತಣ್ಣಗಾಗಿರಲಿ. ಬೆಚ್ಚಗಿನ ಸೋಡಾ ಸುರಿದ ಕೂಡಲೇ ಗ್ಯಾಸ್ ಹೋಗುತ್ತದೆ, ತಣ್ಣಗಿನ ನೀರಿನಲ್ಲಿ ಅದು ಹಿಡಿದುಕೊಂಡಿರುತ್ತದೆ. ಐಸು ದೊಡ್ಡದಿರಲಿ. ಟಿಫನ್ ಡಬ್ಬಿಯಲ್ಲಿ ನೀರು ಗಟ್ಟಿ ಮಾಡಿ ಒಡೆದು ಹಾಕಿದರೂ ಪರವಾಗಿಲ್ಲ. ಮೆಷಿನ್ನಿನ ಟೊಳ್ಳು ಐಸು ಬೇಗ ಕರಗಿ ಅರ್ಧ ಗಂಟೆಯಲ್ಲಿ ಎಲ್ಲ ನೀರು ಮಾಡುತ್ತದೆ.

ಇನ್ನೊಂದು ಮಾತು ಕೇಳಲೇಬೇಕು. ಕಾಫಿ ಜಿಲ್ಲೆಯ ಬಾರುಗಳಲ್ಲಿ ಕಾಫಿಯ ತಣ್ಣನೆಯ ಡ್ರಿಂಕ್ ಯಾಕೆ ಇಲ್ಲ? ಚಿಕೋರಿ ಇಲ್ಲದ ಅರೇಬಿಕಾ ಪುಡಿ, ತರಿತರಿಯಾಗಿ ಬೀಸಿಸಿದ್ದು, 100 ಗ್ರಾಂ. ತಣ್ಣೀರು 800 ಮಿಲಿ. 14 ಗಂಟೆ ಫ್ರಿಜ್ಜಿನಲ್ಲಿಟ್ಟು ಬಟ್ಟೆಯಲ್ಲಿ ಸೋಸಿ. ಗ್ಲಾಸಿಗೆ ಐಸು, ಒಂದು ಚಮಚ ಬೆಲ್ಲದ ಪಾಕ, ಕಿತ್ತಳೆ ಸಿಪ್ಪೆ ಹಿಂಡಿದ ಒಂದು ಹನಿ, ಆಮೇಲೆ ಸೋಡಾ, ಕೊನೆಗೆ ಕಾಫಿ 60 ಮಿಲಿ ನಿಧಾನವಾಗಿ. ಕಾಫಿ ಮೊದಲು ಹಾಕಿ ಸೋಡಾ ಸುರಿದರೆ ನೊರೆ ಉಕ್ಕಿ ಟೇಬಲ್ ತುಂಬಾ ಹರಿಯುತ್ತದೆ. ಕಪ್ಪು ಬಣ್ಣ ಕೆಳಗೆ ಎಳೆ ಎಳೆಯಾಗಿ ಇಳಿಯುವುದನ್ನು ನೋಡುವುದಕ್ಕೇ ಚಂದ. ರಾತ್ರಿ 9ರ ಮೇಲೆ ಕೊಡುವಾಗ ಇದು ಕಾಫಿ, ನಿದ್ದೆ ಬರಲಿಕ್ಕಿಲ್ಲ ಅಂತ ಹೇಳಿಬಿಡಿ.

ಕೊಪ್ಪದ ತೋಟದವಳು

ತಮ್ಮಾ, ನಿನ್ನ ತಮ್ಮನ ವಿಷಯ ಓದಿ ಬೇಜಾರಾಯಿತು. ನಮ್ಮ ಮನೆಯಲ್ಲೂ ಇದೇ ಆಗಿತ್ತು, ಅದಕ್ಕೇ ಬರೆಯುತ್ತಿದ್ದೇನೆ.

ಮುರುಗಲು ಸಿರಪ್ ಬಿಡು. ಅಂಗಡಿಯದು ಬರೀ ಸಕ್ಕರೆ. ಒಣಸಿಪ್ಪೆ ತಗೋ, ಮಂಗಳೂರಿನವರು ಪುನರ್ಪುಳಿ ಅಂತ ಮಾರುತ್ತಾರಲ್ಲ, ಅದೇ. ಒಂದು ಹಿಡಿ ಸಿಪ್ಪೆ ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಹಾಕು. ಕೈಯಲ್ಲಿ ಕಿವುಚಿ ಸೋಸಿದರೆ ಒಳ್ಳೆ ಕೆಂಪು ರಸ ಬರುತ್ತದೆ. ಅದಕ್ಕೆ ಉಪ್ಪು, ಹುರಿದ ಜೀರಿಗೆ, ಸೀಳಿದ ಒಂದು ಹಸಿಮೆಣಸು. ಬೆಲ್ಲ ಹೆಸರಿಗಷ್ಟೇ. ಇದು ಜ್ಯೂಸ್ ಅಲ್ಲ, ನಾವು ಊಟದ ಕೊನೆಗೆ ಕುಡಿಯುವ ಸಾರಿನ ತಮ್ಮ. ಹಂದಿ ಫ್ರೈ ಅಂದೆಯಲ್ಲ, ಅದರ ಜಿಡ್ಡಿಗೆ ಇದಕ್ಕಿಂತ ಒಳ್ಳೆಯದು ಇಲ್ಲ.

ಮಜ್ಜಿಗೆ ಹುಲ್ಲು, ಅದೇ ಲೆಮನ್ ಗ್ರಾಸ್, ನಿಮ್ಮ ಹಿತ್ತಲಲ್ಲೂ ಇರಬಹುದು. ಕುದಿಸಬೇಡ. ಬುಡ ಜಜ್ಜಿ ಬಿಸಿನೀರು ಹಾಕಿ ಮುಚ್ಚಿಡು. ಕುದಿಸಿದರೆ ಪರಿಮಳ ಹಬೆಯಲ್ಲಿ ಹೋಗುತ್ತದೆ.

ಇನ್ನೊಂದು ಹೇಳುತ್ತೇನೆ. ಬಾಬಾಬುಡನ್ ಯೆಮನ್ನಿನ ಮೋಖಾದಿಂದ ಏಳು ಕಾಫಿ ಬೀಜ ತಂದರು ಅಂತ ನಮಗೆಲ್ಲ ಗೊತ್ತು. ಆ ಯೆಮನ್ನಿನಲ್ಲಿ ಜನ ಬೀಜಕ್ಕಿಂತ ಹಣ್ಣಿನ ಒಣಸಿಪ್ಪೆಯನ್ನೇ ಶುಂಠಿ ಹಾಕಿ ಕುದಿಸಿ ಕುಡಿಯುತ್ತಾರೆ, ಕಿಶರ್ ಅಂತ. ಬೀಜ ನಮಗೆ ಬಂತು, ಸಿಪ್ಪೆಯ ಪಾನೀಯ ಬರಲಿಲ್ಲ. ನಾವು ಹಣ್ಣು ಸುಲಿಯುವ ಪಲ್ಪರ್ ಮೆಷಿನ್ನಿಗೆ ಹಾಕಿ ಸಿಪ್ಪೆಯನ್ನೆಲ್ಲ ಗೊಬ್ಬರದ ಗುಂಡಿಗೆ ಸುರಿಯುತ್ತೇವೆ. ಹೋದ ಸುಗ್ಗಿಯಲ್ಲಿ ನಾನು ಸ್ವಲ್ಪ ಉಳಿಸಿದೆ. ಚೆನ್ನಾಗಿ ಹಣ್ಣಾದ ಅರೇಬಿಕಾ ಮಾತ್ರ, ಪಲ್ಪರಿನಿಂದ ಬಂದ ದಿನವೇ ಬಲೆಯ ಮೇಲೆ ತೆಳ್ಳಗೆ ಹರಡಬೇಕು. ಒಂದು ರಾತ್ರಿ ರಾಶಿ ಬಿಟ್ಟರೆ ಬೂಸ್ಟು ಬರುತ್ತದೆ, ಎಸೆಯಬೇಕು. ಕಣದ ನೆಲದ ಮೇಲೆ ಒಣಗಿಸಿದ್ದು ಕುಡಿಯಲು ಬೇಡ. ಔಷಧಿ ಯಾವಾಗ ಹೊಡೆದಿದ್ದಾರೆ ಅಂತ ಕೇಳದೆ ಯಾರ ತೋಟದ್ದೂ ತಗೋಬೇಡ. ಲೀಟರ್ ನೀರಿಗೆ ಎರಡು ಹಿಡಿ, ಒಂದು ತುಂಡು ಶುಂಠಿ, ಎರಡು ಏಲಕ್ಕಿ. ಬಣ್ಣ ತುಪ್ಪದ ಹಾಗೆ, ರುಚಿ ಒಣದ್ರಾಕ್ಷಿಗೂ ಹುಣಸೆಗೂ ನಡುವೆ. ಬೇಕಾದರೆ ಅರ್ಧ ಕೆಜಿ ಕೊಡುತ್ತೇನೆ, ದುಡ್ಡು ಬೇಡ.

ಹಾಸನದ ಮೆಸ್ಸು

ಬೆಲೆಯ ವಿಷಯ ಮಾತ್ರ ಹೇಳುತ್ತೇನೆ. ಪಾನಕ ಅಂತ ಬರೆದು 120 ಇಟ್ಟರೆ ನಮ್ಮ ಜನ ಕೊಡುವುದಿಲ್ಲ. ರಾಮನವಮಿ ದಿನ ಬೀದಿಯಲ್ಲಿ ಪುಕ್ಕಟೆ ಸಿಗುವುದಕ್ಕೆ ಯಾರು ಕೊಡುತ್ತಾರೆ? ಕಣ್ಣೆದುರು ಮಾಡಿ ಕೊಡಿ, ಆಗ ಕೊಡುತ್ತಾರೆ. 80ರಿಂದ ಶುರು ಮಾಡಿ. ಇನ್ನೊಂದು, ನಿಂಬೆ ಜಾತಿಯ ಹೇರಳೆಕಾಯಿ ಯಾರೂ ಹೇಳಲಿಲ್ಲವಲ್ಲ! ನಮ್ಮ ಹಾಸನದವರು ಚಿತ್ರಾನ್ನಕ್ಕೆ, ಉಪ್ಪಿನಕಾಯಿಗೆ ಹಾಕುತ್ತೇವೆ. ಅದರ ಸಿಪ್ಪೆಯಲ್ಲೇ ಕಹಿ, ಪರಿಮಳ ಎರಡೂ ಇದೆ. ಹಸಿರು ಮೇಲ್ಪದರ ಮಾತ್ರ ತೆಳ್ಳಗೆ ಹೆರೆದು ಸಕ್ಕರೆಯಲ್ಲಿ ತಿಕ್ಕಿ ರಾತ್ರಿ ಮುಚ್ಚಿಡಿ. ಬೆಳಿಗ್ಗೆ ನೋಡಿದರೆ ಸಿಪ್ಪೆ ತನ್ನ ಎಣ್ಣೆ ಬಿಟ್ಟು ಸಕ್ಕರೆ ಒದ್ದೆಯಾಗಿರುತ್ತದೆ. ಅದಕ್ಕೆ ಅದರದ್ದೇ ರಸ ಹಿಂಡಿ ಕರಗಿಸಿ. ಒಲೆ ಹಚ್ಚುವ ಕೆಲಸವೇ ಇಲ್ಲ.

ಏಳನೇ ವರ್ಷ

ನಾನೂ ಹಾಸನದವನು. ಬಿಟ್ಟು 6 ವರ್ಷ 4 ತಿಂಗಳಾಯಿತು. ನಿಮ್ಮ ತಮ್ಮನ ಕಡೆಯಿಂದ ನಾಲ್ಕು ಮಾತು ಹೇಳಬೇಕು ಅನಿಸಿತು.

ಮೊದಲನೆಯದು, ಅವನನ್ನು ಬಾರಿಗೆ ಕರೆಯಲೇಬೇಕಾ ಅಂತ ಅವನನ್ನೇ ಕೇಳಿ. ನನಗೆ ಮೊದಲ ವರ್ಷ ಬಾಗಿಲಲ್ಲಿ ಬರುವ ವಾಸನೆಗೇ ಕೈ ನಡುಗುತ್ತಿತ್ತು. ಎಷ್ಟು ಒಳ್ಳೆಯ ಪಾನೀಯ ಇದ್ದರೂ ನಾನು ಬರುತ್ತಿರಲಿಲ್ಲ, ಬರಬಾರದಿತ್ತು. ಈಗ ಬರುತ್ತೇನೆ. ಪ್ರತಿಯೊಬ್ಬರದ್ದೂ ಬೇರೆ.

ವಿಸ್ಕಿ ತರ, ರಮ್ ತರ ಕಾಣುವ, ಮೂಗಿಗೆ ಬರುವ ಯಾವುದನ್ನೂ ನಮ್ಮಂಥವರಿಗೆ ಕೊಡಬೇಡಿ. ನಮಗೆ ಬೇಕಿರುವುದು ಅದರ ನಕಲಲ್ಲ. ಜೀರೋ ಬಿಯರ್ ಕೊಡುವ ಮೊದಲು ಲೇಬಲ್ ಓದಿ. 0.5 ಶೇಕಡಾ ದಾಟಿದರಷ್ಟೇ ನಿಯಮದ ಪ್ರಕಾರ ಮದ್ಯ. ಹಾಗಾಗಿ ನಾನ್ ಆಲ್ಕೋಹಾಲಿಕ್ ಅಂದ ಮಾತ್ರಕ್ಕೆ ಸೊನ್ನೆ ಅಂತ ಅಲ್ಲ. ಕೌಂಟರಿನವರು ರುಚಿಗೆ ಹನಿ ಹನಿ ಹಾಕುವ ಬಿಟರ್ಸ್ ಇದೆಯಲ್ಲ, ಅದರಲ್ಲಿ ಅಂಗೊಸ್ಟುರಾ ಅನ್ನುವ ಬ್ರ್ಯಾಂಡಿನಲ್ಲಿ 44.7 ಶೇಕಡಾ ಆಲ್ಕೋಹಾಲ್ ಇರುತ್ತದೆ. ಎರಡೇ ಹನಿ ಅಂತ ಹಾಕಿಬಿಡುತ್ತಾರೆ. ಬೇಡ.

ಗ್ಲಾಸು ಎಲ್ಲರದ್ದೇ ಕೊಡಿ, ಖಂಡಿತ ಕೊಡಿ. ಆ ಸ್ಟ್ರಾದ ಕಥೆ ಓದುವಾಗ ನನ್ನದೇ ಕಥೆ ಓದಿದ ಹಾಗಾಯಿತು. ಆದರೆ ಒಂದು ಗುರುತು ಇರಲಿ. 3 ವರ್ಷದ ಹಿಂದೆ ಒಂದು ಬೀಗರ ಊಟದಲ್ಲಿ ಪಕ್ಕದವರ ಗ್ಲಾಸು ನನ್ನದು ಅಂತ ಎತ್ತಿದೆ. ತುಟಿಗೆ ತಾಗಿತ್ತು. ಹೊರಗೆ ಹೋಗಿ ನಲ್ಲಿಯಲ್ಲಿ ಬಾಯಿ ತೊಳೆದೆ, ತೊಳೆದೆ, ತೊಳೆಯುತ್ತಲೇ ಇದ್ದೆ. ಆ ರಾತ್ರಿ ಎಷ್ಟು ಕಷ್ಟ ಆಯಿತು ಅಂತ ಹೇಳಲು ಆಗುವುದಿಲ್ಲ. ಪೆಗ್ ಮೆಷರ್, ಕಲಸುವ ಚಮಚ ಇವೂ ಬೇರೆ ಇರಲಿ.

ಮತ್ತೆ ನಿಮ್ಮ ಹುಡುಗರಿಗೆ ಹೇಳಿ. "ಯಾಕ್ ಸಾರ್, ತಗೊಳಲ್ವಾ?" ಅಂತ ಕೇಳಬಾರದು. ಟೇಬಲ್ ಮುಂದೆ ಕಾರಣ ಹೇಳುವುದು ಬಹಳ ಕಷ್ಟ.

ಕಡೂರು ರಸ್ತೆಯವನು, ಚಿಕ್ಕಮಗಳೂರು

ಐದು ವಾರ ಆಯಿತು. ಬಂದ ಉತ್ತರಗಳನ್ನು ಪ್ರಿಂಟ್ ತೆಗೆಸಿ ಅಡುಗೆಮನೆಯಲ್ಲಿ ಅಂಟಿಸಿದ್ದೇನೆ. ಏನಾಯಿತು ಅಂತ ಹೇಳದಿದ್ದರೆ ತಪ್ಪಾಗುತ್ತದೆ.

ಮೊದಲು ತಮ್ಮನನ್ನು ಕೇಳಿದೆ. ಏಳನೇ ವರ್ಷದವರು ಹೇಳಿದ ಮೇಲೆಯೇ ನನಗೆ ಕೇಳಬೇಕು ಅಂತ ಹೊಳೆದಿದ್ದು. ಗಲಾಟೆ ಇರುವಾಗ ಬೇಡ, ಮಧ್ಯಾಹ್ನ ಬಾರ್ ತೆರೆಯುವ ಮುಂಚೆ ಬರುತ್ತೇನೆ ಅಂದ. ಹಾಗೇ ಬಂದ. ನಾನೂ ಅವನೂ ಅಡುಗೆಯವರೂ ಕೂತು ಒಂದೊಂದೇ ಮಾಡಿ ನೋಡಿದೆವು.

ಕಿಶರ್ ನನಗೆ ಬಹಳ ಇಷ್ಟವಾಯಿತು, ಕೊಪ್ಪದ ಅಕ್ಕನಿಗೆ ದೊಡ್ಡ ಧನ್ಯವಾದ. ಆದರೆ ತಣ್ಣಗೆ ಕೊಟ್ಟಾಗ ಗಿರಾಕಿಗಳು ಒಪ್ಪಲಿಲ್ಲ. ಬಿಸಿ ಮಾಡಿ ಸಣ್ಣ ಸ್ಟೀಲ್ ಲೋಟದಲ್ಲಿ, ಮಳೆ ಬರುವ ರಾತ್ರಿ, ಊಟ ಆದ ಮೇಲೆ ಕೊಟ್ಟರೆ ಎರಡನೇ ಸಲ ಕೇಳುತ್ತಾರೆ. ಅರ್ಧ ಕೆಜಿ ಮುಗಿಯುತ್ತಾ ಬಂತು. ಈ ಸಲದ ಸುಗ್ಗಿಯಲ್ಲಿ ದುಡ್ಡು ತಗೊಂಡೇ ಕೊಡಬೇಕು ಅಕ್ಕಾ, ಪುಕ್ಕಟೆ ಬೇಡ.

ಉಪ್ಪಿನ ಮುರುಗಲು ಹಂದಿ ಫ್ರೈ ಟೇಬಲಿಗೆ ತಾನಾಗಿ ಹೋಗುತ್ತಿದೆ. ಎಣ್ಣೆ ಕುಡಿಯುವವರೂ ನಡುವೆ ಒಂದು ತರಿಸಿಕೊಳ್ಳುತ್ತಾರೆ, ಇದನ್ನು ನಾನು ಎಣಿಸಿರಲಿಲ್ಲ. ಟೀ ಡಿಕಾಕ್ಷನ್ ಒಂದು ಚಮಚ ಹಾಕಿದ ಮೇಲೆ ಒಗರು ಬಂದು ನಿಜವಾಗಿಯೂ ನಿಧಾನವಾಗಿ ಕುಡಿಯುತ್ತಾರೆ. ಕಾಫಿ ಸೋಡಾ ಗಾಡಿ ಓಡಿಸುವವರದ್ದೇ ಆಗಿಬಿಟ್ಟಿದೆ. ಮೊನ್ನೆ ಟೆಂಪೋ ಟ್ರಾವೆಲರ್ ಡ್ರೈವರ್ ಒಬ್ಬರು, ಯಾವಾಗಲೂ ಮೂಲೆಯಲ್ಲಿ ಬೇಗ ಊಟ ಮಾಡಿ ಗಾಡಿಗೆ ಹೋಗಿ ಮಲಗುವವರು, ಕೌಂಟರ್ ಹತ್ತಿರ ಬಂದು ಕಾಫಿ ಇಳಿಯುವುದನ್ನು ನೋಡುತ್ತಾ ನಿಂತಿದ್ದರು. "ನಮಗೂ ಒಂದು ಐತಲ್ಲ ಸಾರ್" ಅಂದರು.

ಎಲ್ಲಕ್ಕಿಂತ ಜಾಸ್ತಿ ಹೋಗುತ್ತಿರುವುದು ಹೇರಳೆ. ಮೆಸ್ಸಿನವರು ಹೇಳಿದ ಹಾಗೆಯೇ ಮಾಡುತ್ತೇವೆ, ಒಡೆದ ಮೆಣಸಿನ ಬೆಲ್ಲದ ಪಾಕ ಅರ್ಧ ಚಮಚ ಸೇರಿಸಿ. ಸಿಪ್ಪೆ ಹೆರೆಯುವಾಗ ಬಿಳಿ ಭಾಗ ಬಂದರೆ ಕಹಿ ಮೀರುತ್ತದೆ, ಮೊದಲ ಎರಡು ಬ್ಯಾಚ್ ಚೆಲ್ಲಬೇಕಾಯಿತು. ಒಂದು ಲೋಟಕ್ಕೆ ಖರ್ಚು 24 ರೂಪಾಯಿ ಬೀಳುತ್ತದೆ. 80ಕ್ಕೆ ಶುರು ಮಾಡಿ ಈಗ 90 ಇಟ್ಟಿದ್ದೇನೆ, ಯಾರೂ ತಕರಾರು ಮಾಡಿಲ್ಲ. ಮೆನುವಿನಲ್ಲಿ ಕೊನೆಯ ಪುಟದ ಐಸ್‌ಕ್ರೀಮ್ ಪಕ್ಕ ಇದ್ದದ್ದನ್ನು ಮೊದಲ ಪುಟಕ್ಕೆ ತಂದೆ. ವಿಸ್ಕಿಯ ಪಟ್ಟಿಯ ಪಕ್ಕದಲ್ಲೇ, ಅದೇ ಅಕ್ಷರದಲ್ಲಿ.

ಗುರುತಿಗೆ ಮಜ್ಜಿಗೆ ಹುಲ್ಲು ಬಳಸುತ್ತಿದ್ದೇವೆ. ಉದ್ದ ಎಲೆಗೆ ನಡುವೆ ಒಂದು ಗಂಟು ಹಾಕಿ ಗ್ಲಾಸಿನೊಳಗೆ ನಿಲ್ಲಿಸುತ್ತಾರೆ. ಗಂಟು ಇರುವ ಗ್ಲಾಸಿನಲ್ಲಿ ಎಣ್ಣೆ ಇಲ್ಲ, ಇದು ಎಲ್ಲ ಹುಡುಗರಿಗೂ ಗೊತ್ತು. ಮೆಷರ್, ಚಮಚ ಬೇರೆ ಇಟ್ಟು ಹಸಿರು ಟೇಪ್ ಸುತ್ತಿದ್ದೇನೆ. "ಯಾಕ್ ಸಾರ್" ಅನ್ನುವ ಪ್ರಶ್ನೆ ನಿಂತಿದೆ. ಹಳೆಯ ಸಪ್ಲೈಯರ್ ಒಬ್ಬರಿಗೆ ಮಾತ್ರ ಇನ್ನೂ ಬಾಯಿ ತಪ್ಪುತ್ತದೆ, ಹೇಳುತ್ತಾ ಇದ್ದೇನೆ.

ತಮ್ಮ ಈಗ ಶನಿವಾರ ಮಧ್ಯಾಹ್ನ ತಪ್ಪದೆ ಬರುತ್ತಾನೆ. ಸಿಪ್ಪೆ ಹೆರೆಯುವ ಕೆಲಸ ಅವನೇ ತೆಗೆದುಕೊಂಡಿದ್ದಾನೆ, ನಮ್ಮ ಯಾರಿಗೂ ಅಷ್ಟು ತೆಳ್ಳಗೆ ಬರುವುದಿಲ್ಲ. ಸಂಜೆ ಆರಕ್ಕೆ ಜನ ಬರಲು ಶುರು ಮಾಡುವ ಮುಂಚೆ ಒಂದು ಲೋಟ ತಾನೇ ಮಾಡಿಕೊಂಡು ಕುಡಿದು ಮನೆಗೆ ಹೋಗುತ್ತಾನೆ. ಸಕ್ಕರೆ ಇನ್ನೂ ಜಾಸ್ತಿ ಆಯಿತು ಅಂತ ಪ್ರತಿ ವಾರ ಹೇಳುತ್ತಾನೆ, ನಾವು ಪ್ರತಿ ವಾರ ಕಡಿಮೆ ಮಾಡುತ್ತಿದ್ದೇವೆ.

ಈಗ ಹೊಸ ಪ್ರಶ್ನೆ. ಸಂತೆಯಲ್ಲಿ ಹೇರಳೆಕಾಯಿ ಕಡಿಮೆಯಾಗುತ್ತಿದೆ. ವಾರಕ್ಕೆ 40 ಕಾಯಿ ಬೇಕು. ಬೇಲೂರು, ಸಕಲೇಶಪುರ ಕಡೆ ಹಿತ್ತಲಲ್ಲಿ ಮರ ಇದ್ದವರು ಯಾರಾದರೂ ಇದ್ದೀರಾ? ಹಣ್ಣಾಗಿ ಹಳದಿ ತಿರುಗಿದ್ದು ಬೇಡ, ಹಸಿರು ಇರುವಾಗಲೇ ಬೇಕು. ನಾನೇ ಗಾಡಿ ತಂದು ಕೊಯ್ದುಕೊಂಡು ಹೋಗುತ್ತೇನೆ.